ಹಂದಿಯ ಎಡಗಿವಿ

ಹಂದಿ ನಗಲೇಬೇಕು ಎಂದು ಯಜಮಾನರು ಹಟ ಹಿಡಿಯದೆ ಇದ್ದಿದ್ದರೆ ತಾಕ್ ಮಾನ್‌ಸುವಿಗೆ ಆ ದಿನ ಅಷ್ಟೊಂದು ಫಜೀತಿಯಾಗುತ್ತಿರಲಿಲ್ಲ.

"ನೋಡ್ರೀ ತಾಕ್," ಎಂದು ಬೆಳಿಗ್ಗೆ ಏಳಕ್ಕೇ ಫೋನು ಮಾಡಿದ್ದರು ಯಜಮಾನರು. "ಹೊಸ ಕಟ್ಟಡದ ಪೂಜೆ. ಮೇಜಿನ ಮೇಲೆ ಹಂದಿ ತಲೆ ಅಳುಮೋರೆ ಹಾಕ್ಕೊಂಡು ಕೂತಿದ್ರೆ ಕಂಪನಿ ಉದ್ಧಾರ ಆಗುತ್ತೇನ್ರೀ? ನಗ್ತಿರಬೇಕು. ಬಾಯಿ ಕಿವಿವರೆಗೂ ಹೋಗಿರಬೇಕು. ತಿಳೀತಾ?"

"ತಿಳೀತು ಸಾರ್."

"ಇನ್ನೊಂದು ವಿಷಯ. ತಲೆ ತರೋನು ಪೂಜೆ ಮುಗಿಯೋವರೆಗೂ ಹೊಟ್ಟೆಗೆ ಏನೂ ಹಾಕ್ಕೋಬಾರದು. ಶಾಸ್ತ್ರ."

ಚಿಕ್ಕಪ್ಪ ಗ್ಯಾರೇಜು ತೆರೆದಾಗ, ಸೋದರಮಾವ ಹೊಸ ದೋಣಿ ನೀರಿಗಿಳಿಸಿದಾಗ, ಹೀಗೆ ಹತ್ತಾರು ಹಂದಿ ತಲೆಗಳಿಗೆ ಅಡ್ಡಬಿದ್ದಿದ್ದ ಮಾನ್‌ಸು ಇಂಥದೊಂದು ಶಾಸ್ತ್ರವನ್ನು ಎಲ್ಲೂ ಕೇಳಿರಲಿಲ್ಲ. ಆದರೆ ಯಜಮಾನರ ಶಾಸ್ತ್ರಗಳೆಲ್ಲ ಹೀಗೆಯೇ. ಬೆಳಿಗ್ಗೆ ಹುಟ್ಟುತ್ತಿದ್ದವು, ಸಂಜೆಯೊಳಗೆ ಮಾನ್‌ಸುವಿನ ಹೆಗಲೇರುತ್ತಿದ್ದವು.

ಯಜಮಾನರ ಹೆಸರು ನಾಮ್‌ಗುಂಗ್ ಹ್ಯೋಕ್. ಒಂದು ಕಾಲಕ್ಕೆ ಟಿವಿಯಲ್ಲಿ ದೊಡ್ಡ ಗಾಯಕರ ಬೆನ್ನ ಹಿಂದೆ ಕುಣಿಯುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ ಮಾಂಗ್ವೊನ್ ಬಡಾವಣೆಯ ಒಂದು ಲಾಂಡ್ರಿಯ ಕೆಳಗಿದ್ದ ನೆಲಮಾಳಿಗೆ ಹಿಡಿದು 'ಗಾಮ್‌ನಾಮು' ಎಂಬ ಸಂಗೀತ ಕಂಪನಿ ತೆರೆದರು. ಕಂಪನಿಯೆಂದರೆ ಅವರು, ಮಾನ್‌ಸು, ಹಾಡಿ ಕುಣಿಯುವ ನಾಲ್ಕು ಹುಡುಗರು ಮತ್ತು ಸಾಲ ತಂದ ಒಂದು ದೊಡ್ಡ ಕನ್ನಡಿ. ಚಾವಣಿ ಎಷ್ಟು ತಗ್ಗೆಂದರೆ, ಹುಡುಗರು ನೆಗೆದರೆ ಲಾಂಡ್ರಿಯ ಬಿಸಿನೀರಿನ ಪೈಪಿಗೆ ತಲೆ ಬಡಿಯುತ್ತಿತ್ತು. ಹಾಗಾಗಿ ಅವರ ಕುಣಿತದಲ್ಲಿ ನೆಗೆತವೇ ಇರಲಿಲ್ಲ. ಮೊಣಕಾಲು ಬಗ್ಗಿಸಿ ನೆಲ ಒರೆಸುವವರಂತೆ ಕುಣಿಯುತ್ತಿದ್ದರು. ಪತ್ರಿಕೆಯವರು ಅದನ್ನು 'ಮಣ್ಣಿನ ಶೈಲಿ' ಎಂದು ಹೊಗಳಿದ್ದೇ ತಡ, ದೊಡ್ಡ ದೊಡ್ಡ ಕಂಪನಿಗಳ ಹುಡುಗರೂ ಆಕಾಶದೆತ್ತರದ ಚಾವಣಿಗಳ ಕೆಳಗೆ ಸೊಂಟ ಬಗ್ಗಿಸಿಕೊಂಡು ಓಡಾಡತೊಡಗಿದರು.

ಮೂರನೆಯ ಹಾಡು ಊರೆಲ್ಲ ಹಬ್ಬಿತು. ಅದನ್ನು ಆರಿಸಿದವನು ಮಾನ್‌ಸು. ಆ ದಿನ ಅವನು ಸೋರುವ ನಲ್ಲಿ ಬಿಚ್ಚಿಕೊಂಡು ಕೂತಿದ್ದ. ಯಜಮಾನರು ಬೇಡವೆಂದು ಬದಿಗಿಟ್ಟ ಹಾಡುಗಳು ಒಂದರ ಹಿಂದೊಂದು ಸುಮ್ಮನೆ ಹಾಡಿಕೊಳ್ಳುತ್ತಿದ್ದವು. "ಸಾರ್, ಆ ಮೂರನೇದು ಇನ್ನೊಂದ್ಸಲ ಹಾಕಿ. ಸ್ಪ್ಯಾನರು ತಾನಾಗೇ ತಿರುಗ್ತಿದೆ," ಎಂದ. ಅಷ್ಟೇ. ಈಗ ಆ ಹುಡುಗರು ಓಸಾಕಾದಲ್ಲಿ ಹಾಡುತ್ತಿದ್ದರು, ಕಂಪನಿಯಲ್ಲಿ ನಲವತ್ತು ಜನ ಕೆಲಸಕ್ಕಿದ್ದರು, ಮತ್ತು ಸೊಂಗ್ಸು ಬಡಾವಣೆಯ ಹಳೆಯ ಷೂ ಕಾರ್ಖಾನೆಯ ಐದು ಮಹಡಿಗೂ ಗಾಮ್‌ನಾಮುವಿನ ಬೋರ್ಡು ಬಿದ್ದಿತ್ತು. ಮಾನ್‌ಸು ಮಾತ್ರ ಹನ್ನೊಂದು ವರ್ಷದಿಂದ ಸ್ಪ್ಯಾನರು ಕೆಳಗಿಟ್ಟಿರಲಿಲ್ಲ. ನಲ್ಲಿ, ಬಲ್ಬು, ವ್ಯಾನಿನ ಟೈರು, ಟಾಯ್ಲೆಟ್ ಕಾಗದ ಎಲ್ಲ ಅವನದೇ. ಹಾಡು ಆರಿಸುವ ತಂಡದಲ್ಲಿ ತನಗೂ ಒಂದು ಕುರ್ಚಿ ಸಿಗಲಿ ಎಂಬುದೊಂದೇ ಅವನ ಆಸೆ.

"ಇವತ್ತಿನ ಪೂಜೆ ಚೆನ್ನಾಗಿ ಆಗ್ಲಿ," ಎಂದಿದ್ದರು ಯಜಮಾನರು ಫೋನು ಇಡುವ ಮೊದಲು, "ಸೋಮವಾರದಿಂದ ಐದನೇ ಮಹಡಿ. ಹಾಡಿನ ತಂಡ. ಕುರ್ಚಿಗೆ ಚಕ್ರಾನೂ ಇರುತ್ತೆ."

ಆ ಚಕ್ರದ ಕುರ್ಚಿಯ ಮೇಲೆಯೇ ಕೂತು ಬಂದವನಂತೆ ಮಾನ್‌ಸು ಮಾಜಾಂಗ್ ಮಾಂಸದ ಮಾರುಕಟ್ಟೆಗೆ ಬಂದು ಇಳಿದ.

ಬೇಯಿಸಿದ ತಲೆಗಳು ಸಾಲಾಗಿ ಕೂತು ಹಬೆಯಾಡುತ್ತಿದ್ದವು. ಒಂದು ಮುನಿಸಿಕೊಂಡಿತ್ತು, ಒಂದಕ್ಕೆ ನಿದ್ದೆ ಸಾಲದಂತಿತ್ತು, ಮತ್ತೊಂದು ಸಾಲ ಕೇಳಲು ಬಂದ ನೆಂಟನ ಹಾಗೆ ನೆಲ ನೋಡುತ್ತಿತ್ತು.

"ಅಕ್ಕಾ, ನಗೋದು ಬೇಕು."

ಅಂಗಡಿಯವಳು ಚಾಕು ಒರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೊಸ ಅಂಗಡೀನಾ, ಹೊಸ ಗಾಡೀನಾ?"

"ಹೊಸ ಕಟ್ಟಡ. ಐದು ಮಹಡಿ."

"ಹಂಗಾದ್ರೆ ಇದು ತಗೊಳ್ಳಿ." ಒಳಗಿಂದ ಒಂದು ತಲೆ ಎತ್ತಿಕೊಂಡು ಬಂದಳು. ತುಂಬಿದ ಕೆನ್ನೆ, ಮುಚ್ಚಿದ ಕಣ್ಣು, ಎರಡೂ ಕಡೆಗೆ ಮೇಲಕ್ಕೆ ಸರಿದ ಬಾಯಿ. ಮಗಳ ಮದುವೆ ಮುಗಿಸಿ ಊಟಕ್ಕೆ ಕೂತ ಬೀಗರ ಹಾಗಿತ್ತು. "ನಗೋ ತಲೆ ಅಂದ್ರೆ ಕೆನ್ನೆ ತುಂಬಿರುತ್ತೆ. ಹದವಾಗಿ ಬೆಂದಿರುತ್ತೆ. ಪೂಜೆ ಆದ್ಮೇಲೆ ತಿಂದು ನೋಡಿ, ಆಮೇಲೆ ಬೇರೆ ಕಡೆ ಹೋಗೋದಿಲ್ಲ ನೀವು. ಆದ್ರೆ ಒಂದು ಮಾತು. ಹಸಿದೋರ ಹತ್ರ ಇಡಬೇಡಿ."

ಆ ಕೊನೆಯ ಮಾತನ್ನು ಮಾನ್‌ಸು ಕಿವಿಗೆ ಹಾಕಿಕೊಳ್ಳಲಿಲ್ಲ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತ. ಶುಂಠಿ, ಬೆಳ್ಳುಳ್ಳಿ, ಬೆಂದ ಕೊಬ್ಬಿನ ಘಮ ಗಾಡಿಯೆಲ್ಲ ತುಂಬಿತು. ಚಾಲಕ ಎರಡು ಸಿಗ್ನಲ್ ತಡೆದುಕೊಂಡ. ಮೂರನೆಯದರಲ್ಲಿ ತಿರುಗಿ, "ಸಾರ್, ನೀವು ಇಳಿದ್ಮೇಲೆ ನಾನು ಇವತ್ತು ಡ್ಯೂಟಿ ಮಾಡೋಕಾಗಲ್ಲ, ಊಟಕ್ಕೇ ಹೋಗ್ತೀನಿ," ಎಂದ. ಮಾನ್‌ಸುವಿನ ಹೊಟ್ಟೆ ತಾಳ ಹಾಕಿ ಅದನ್ನು ಅನುಮೋದಿಸಿತು.

*

ಹೊಸ ಕಟ್ಟಡದಲ್ಲಿ ಸಂತೆ ನೆರೆದಿತ್ತು. ಸಾಮಾನು ಸಾಗಿಸುವವರು ಕನ್ನಡಿಗಳನ್ನು ಹೊತ್ತು ಮೆಟ್ಟಿಲೇರುತ್ತಿದ್ದರು. ಎರಡನೆಯ ಮಹಡಿಯ ಮೊಗಸಾಲೆಯಲ್ಲಿ ಮೇಂಗ್ ಟೀಚರ್ ತೂಕದ ಯಂತ್ರದ ಪಕ್ಕ ಪುಸ್ತಕ ಹಿಡಿದು ನಿಂತಿದ್ದರು. ಕಂಪನಿಯಲ್ಲಿ ಕಲಿಯುತ್ತಿದ್ದ ಐದು ಹುಡುಗಿಯರಿಗೆ ಕುಣಿತ ಹೇಳಿಕೊಡುವವರು ಅವರು. ಬೆಳಿಗ್ಗೆ ಸಂಜೆ ಅವರ ತೂಕ ನೋಡುವವರೂ ಅವರೇ.

"ನೂರೈವತ್ತು ಗ್ರಾಂ ಜಾಸ್ತಿ! ಬೊರೀ, ಏನ್ ತಿಂದೆ?"

"ಏನೂ ಇಲ್ಲ ಟೀಚರ್. ನೀರು ಕುಡಿದೆ," ಎಂದಳು ಬೊರಿ. ಅವಳಿಗೆ ಹದಿನೇಳು. ಐವರಲ್ಲಿ ಚಿಕ್ಕವಳು.

"ನೀರಿಗೂ ತೂಕ ಇರುತ್ತೆ. ತಿಳ್ಕೋ."

ಎರಡು ವಾರದಿಂದ ಆ ಹುಡುಗಿಯರಿಗೆ ಹೊತ್ತು ಹೊತ್ತಿಗೆ ಬೇಯಿಸಿದ ಕೋಳಿಯ ಎದೆ ತುಂಡು, ಒಂದು ಗೆಣಸು, ಅಷ್ಟೇ. ಕಾರಣ ಆ ದಿನ ಸಂಜೆ ಬೂಸಾನಿನಿಂದ ಯೋಮ್ ಮೇಡಂ ಬರುವವರಿದ್ದರು. ಮೀನಿನ ವಡೆ ಮಾಡಿ ಮಾರಿ ಮೂರು ಕಾರ್ಖಾನೆ ಕಟ್ಟಿದ ಮುದುಕಿ. ಹುಡುಗಿಯರ ಹಾಡು ಕೇಳಿ, ಪೂಜೆಗೆ ನಿಂತು, ಮನಸ್ಸಿಗೆ ಬಂದರೆ ಬಂಡವಾಳ ಹಾಕುವವರು. ಹಾಕಿದರೆ ಐವರೂ ಈ ವಸಂತದಲ್ಲೇ ವೇದಿಕೆ ಹತ್ತುತ್ತಾರೆ. ಇಲ್ಲವಾದರೆ ಇನ್ನೊಂದು ವರ್ಷ ಕಾಯಬೇಕು. ಎಲ್ಲರಿಗಿಂತ ಹಿರಿಯಳಾದ ದಾಊಲ್ ಆಗಲೇ ಆರು ವರ್ಷ ಕಾದಿದ್ದಳು. "ಈ ಸಲ ಆಗ್ಲಿಲ್ಲ ಅಂದ್ರೆ ಊರಿಗೆ, ಮೊಕ್ಪೊಗೆ ಬಂದ್ಬಿಡು, ಅಪ್ಪನ ದೋಣಿ ಲೆಕ್ಕ ನೋಡ್ಕೋ," ಎಂದು ಅವಳಮ್ಮ ಹೇಳಿಕಳಿಸಿದ್ದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಾನ್‌ಸು ಡಬ್ಬವನ್ನು ಮೂರನೆಯ ಮಹಡಿಯ ಪುಟ್ಟ ಉಗ್ರಾಣಕ್ಕೆ ಒಯ್ದು, ತಲೆಯನ್ನು ದೊಡ್ಡ ತಟ್ಟೆಯಲ್ಲಿ ಕೂರಿಸಿ, ಬಿಳಿ ಬಟ್ಟೆ ಹೊದಿಸಿದ. ಹಿಂದೆಯೇ ಪಕ್ಕದ ಸಾರನ್ನದ ಅಂಗಡಿಯ ಗ್ವಾಕ್ ಅಜ್ಜಿ ಬಂದಳು. ಕಂಪನಿಯವರು ಅಲ್ಲಿಗೆ ಬಂದು ಇನ್ನೂ ಮೂರು ಗಂಟೆಯಾಗಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಮೂರು ಸಲ ಬಂದು ಕುರ್ಚಿ ಎಲ್ಲಿಡಬೇಕು, ಬಾಗಿಲು ಯಾವ ಕಡೆ ತೆಗೆಯಬೇಕು ಎಂದು ಹೇಳಿಹೋಗಿದ್ದಳು.

ಬಟ್ಟೆಯೆತ್ತಿ ನೋಡಿದಳು. "ಒಳ್ಳೇ ತಲೆ ಕಣೋ ಮಗ. ನಲವತ್ತು ವರ್ಷದಿಂದ ಹಂದಿ ಬೇಯಿಸ್ತಿದೀನಿ, ಇಷ್ಟು ಖುಷಿಯಾಗಿ ಸತ್ತಿದ್ದನ್ನ ನೋಡಿಲ್ಲ. ಬೀಗ ಎಲ್ಲಿ?"

"ಬೀಗ ಇನ್ನೂ ಹಾಕಿಸಿಲ್ಲ ಅಜ್ಜಿ."

"ಬಾಗಿಲಿಗೆ ಬೀಗ ಇಲ್ಲ, ಹುಡುಗೀರಿಗೆ ಊಟ ಇಲ್ಲ. ಚೆನ್ನಾಗಿದೆ ನಿಮ್ಮ ಸಂಸಾರ!"

ಅಷ್ಟರಲ್ಲಿ ಕೆಳಗಿನಿಂದ ಕೂಗು ಬಂತು. ಪಿಯಾನೋ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಮೇಲೂ ಹೋಗದೆ ಕೆಳಗೂ ಇಳಿಯದೆ ಕೂತಿತ್ತು. ಮಾನ್‌ಸು ಓಡಿದ. ಪಿಯಾನೋದ ಕಾಲು ಬಿಚ್ಚಿ, ಒಳಗೆ ಸಾಗಿಸಿ, ಮತ್ತೆ ಕಾಲು ಹಾಕಿ ಬರುವಾಗ ಮಧ್ಯಾಹ್ನ ಹನ್ನೆರಡೂವರೆ. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಕೋಣೆ ಕೋಣೆ ನೋಡುತ್ತಾ ಮೂರನೆಯ ಮಹಡಿಯಿಂದ ಇಳಿದು ಬರುತ್ತಿದ್ದರು.

"ಎಲ್ಲ ಸರಿ ಇದೆಯೇನ್ರೀ?"

"ಸರಿ ಇದೆ ಸಾರ್."

ಸರಿ ಇರಲಿಲ್ಲ. ಉಗ್ರಾಣಕ್ಕೆ ಹೋಗಿ ಬಟ್ಟೆ ಎತ್ತಿದ. ಹಂದಿ ನಗುತ್ತಲೇ ಇತ್ತು, ಆದರೆ ಎಡಗಿವಿ ಇರಲಿಲ್ಲ. ಬುಡಮಟ್ಟ, ಒಳ್ಳೇ ನೇಮ ನಿಷ್ಠೆಯಿಂದ ಕತ್ತರಿಸಿದಂತೆ ಹೋಗಿತ್ತು.

ಮಾನ್‌ಸುವಿಗೆ ಐದನೆಯ ಮಹಡಿಯ ಕುರ್ಚಿ ಚಕ್ರದ ಮೇಲೆ ಉರುಳುತ್ತಾ ಕಿಟಕಿಯಿಂದ ಆಚೆ ಹೋದ ಹಾಗಾಯಿತು. ಒಂದೇ ಉಸಿರಿಗೆ ಗ್ವಾಕ್ ಅಜ್ಜಿಯ ಅಂಗಡಿಗೆ ಇಳಿದ.

"ಅಜ್ಜಿ, ಕಿವಿ ಹೋಯ್ತು!"

"ಅದಕ್ಕ್ಯಾಕೋ ಹಿಂಗೆ ಕಿರುಚ್ತೀಯ? ನನ್ನ ಕಿವಿ ಚೆನ್ನಾಗೇ ಇದೆ." ಅಜ್ಜಿ ಕೊಪ್ಪರಿಗೆಯಿಂದ ಒಂದು ಅಗಲವಾದ ಹಂದಿ ಚರ್ಮದ ತುಂಡು ಎತ್ತಿ, ಕತ್ತರಿಯಲ್ಲಿ ಕಿವಿಯ ಆಕಾರಕ್ಕೆ ಕತ್ತರಿಸಿ, ಎರಡು ಹಲ್ಲುಕಡ್ಡಿ ಚುಚ್ಚಿಕೊಟ್ಟಳು. "ಸಿಕ್ಕಿಸು. ಆ ಕಡೆ ಗೋಡೆಗೆ ತಿರುಗಿಸು. ದೇವರು ಕಿವಿ ಎಣಿಸಲ್ಲ."

ಸಿಕ್ಕಿಸಿದ. ಬಲಗಿವಿ ನೆಟ್ಟಗಿತ್ತು, ಎಡಗಿವಿ ಸ್ವಲ್ಪ ಜೋತುಬಿದ್ದಿತ್ತು. ಹಂದಿ ಏನೋ ಗುಟ್ಟು ಕದ್ದು ಕೇಳುತ್ತಿರುವ ಹಾಗೆ ಕಾಣುತ್ತಿತ್ತು. ಇರಲಿ ಎಂದುಕೊಂಡ. ಅಲ್ಲೇ ಕಾವಲು ಕೂರಬೇಕೆನ್ನುವಷ್ಟರಲ್ಲಿ ನಾಲ್ಕನೆಯ ಮಹಡಿಯ ಟಾಯ್ಲೆಟ್ಟಿನಿಂದ ನೀರು ಉಕ್ಕುತ್ತಿದೆಯೆಂದು ಯಾರೋ ಅರಚಿದರು. ಸ್ಪ್ಯಾನರು ಕಟ್ಟಿಕೊಂಡವನಿಗೆ ಕಾವಲು ಕೂರುವ ಭಾಗ್ಯವೆಲ್ಲಿ?

ನೀರು ನಿಲ್ಲಿಸಿ, ಒದ್ದೆ ಪ್ಯಾಂಟಿನಲ್ಲೇ ಮೆತ್ತಗೆ ಮೆಟ್ಟಿಲಿಳಿದು ಬಂದ. ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಪಿಸುಮಾತು.

"ಇನ್ನೊಂದೇ ತುಂಡು ಅಕ್ಕಾ."

"ಉಪ್ಪು ಸೀಗಡಿ ಹಚ್ಕೋ. ಬೇಗ."

ಮಾನ್‌ಸು ಬಾಗಿಲು ತಳ್ಳಿದ. ಬೊರಿ ಮತ್ತು ದಾಊಲ್ ತಟ್ಟೆಯ ಮುಂದೆ ಮಂಡಿಯೂರಿ ಕೂತಿದ್ದರು. ಉಳಿದ ಮೂವರು ಗೋಡೆಗಂಟಿಕೊಂಡು ಬೆರಳು ನೆಕ್ಕುತ್ತಿದ್ದರು. ಹಂದಿಯ ಬಲಗೆನ್ನೆ ಇದ್ದ ಜಾಗದಲ್ಲಿ ಎಲುಬು ಕಾಣುತ್ತಿತ್ತು. ಮಧ್ಯದಲ್ಲಿ ಉಪ್ಪು ಸೀಗಡಿಯ ಪುಟ್ಟ ಬಟ್ಟಲು. ಅದರ ಮೇಲೆ ಗ್ವಾಕ್ ಅಜ್ಜಿಯ ಅಂಗಡಿಯ ಹೆಸರು.

ಬೊರಿಯ ಬಾಯಿ ತುಂಬಿತ್ತು. ನುಂಗಲೂ ಆಗದೆ ಉಗಿಯಲೂ ಆಗದೆ ಕಣ್ಣಲ್ಲಿ ನೀರು ತಂದುಕೊಂಡಳು. "ತಾಕ್ ಮಾಮ, ಬೆಳಿಗ್ಗೆ ಹಾಡ್ತಾ ಹಾಡ್ತಾ ನನಗೆ ಕಣ್ಣು ಕತ್ತಲೆ ಬಂತು. ಮೇಲಿನ ಸ್ವರ ಹತ್ತೋಕೆ ಹೋದ್ರೆ ಹೊಟ್ಟೆ ಒಳಗೆ ಹಿಡ್ಕೊಳ್ಳೋಕೆ ಏನೂ ಇಲ್ಲ ಮಾಮ."

"ಮತ್ತೆ ಕಿವಿ?"

"ಕಿವಿ ನಾವಲ್ಲ!" ಎಂದಳು ದಾಊಲ್. "ದೇವರಾಣೆ. ನಾವು ಕೆನ್ನೆ ಮಾತ್ರ. ಟೀಚರಿಗೆ ಹೇಳ್ತೀರಾ?"

ಮಾನ್‌ಸು ಬಯ್ಯಬೇಕೆಂದು ಬಾಯಿ ತೆರೆದ. ಹಂದಿಮಾಂಸದ ಘಮ ಮೂಗಿಗೆ ಬಡಿದು ಬಯ್ಗುಳ ಮರೆತೇಹೋಯಿತು. ಹುಡುಗಿಯರನ್ನು ನೋಡಿದ. ಕುತ್ತಿಗೆಗಳು ಹೂವಿನ ದಂಟಿನಷ್ಟು ಸಣ್ಣಗಾಗಿದ್ದವು. ಆರು ವರ್ಷದ ಹಿಂದೆ ಮೊಕ್ಪೊದಿಂದ ಬಂದಾಗ ದಾಊಲ್‌ಗೆ ಎಷ್ಟು ದುಂಡನೆಯ ಕೆನ್ನೆಯಿತ್ತೆಂಬುದು ನೆನಪಾಯಿತು.

"ಹಾಳಾದ ಮೇಲೆ ಅರ್ಧ ಬಿಟ್ಟು ಏನು ಪ್ರಯೋಜನ? ಆ ದವಡೆ ಹತ್ರ ಇರೋದನ್ನೂ ತಿಂದು ಬಾಯಿ ತೊಳ್ಕೊಂಡು ಹೋಗಿ," ಎಂದ. "ನಾಲ್ಕು ಗಂಟೆಗೆ ಹಾಡಿಲ್ವಾ? ಹೋಗಿ."

"ಮಾಮ, ನೀವೂ ಒಂದು ತುಂಡು..."

"ನನಗೆ ಶಾಸ್ತ್ರ." ಎಂಜಲು ನುಂಗಿಕೊಂಡ.

ಮತ್ತೆ ಅಜ್ಜಿಯ ಅಂಗಡಿ. ಈ ಸಲ ಅಜ್ಜಿ ಬಿಸಿ ಅಕ್ಕಿಕಡುಬಿನ ಹಿಟ್ಟು ತಟ್ಟಿ ಒಂದು ಕೆನ್ನೆ ಮಾಡಿಕೊಟ್ಟಳು. ಬಣ್ಣ ಬರಲೆಂದು ಸ್ವಲ್ಪ ಸೋಯಾ ಸಾಸು ಸವರಿದಳು.

"ಆ ಸೀಗಡಿ ನೀವು ಕೊಟ್ಟಿದ್ದಾ ಅಜ್ಜಿ?"

"ಮತ್ತೆ? ಸಪ್ಪೆ ತಿನ್ನಿಸೋಕೆ ನಾನೇನು ನಿಮ್ಮ ಟೀಚರ್ರಾ?"

ಕೆನ್ನೆ ಹಿಡಿದುಕೊಂಡು ಮೇಲೆ ಬಂದರೆ ಉಗ್ರಾಣದಿಂದ ಮೇಂಗ್ ಟೀಚರ್ ಹೊರಬರುತ್ತಿದ್ದರು. ಅವನನ್ನು ಕಂಡು ಕರವಸ್ತ್ರದಿಂದ ತುಟಿ ಒತ್ತಿಕೊಂಡರು.

"ಹುಡುಗೀರು ಈ ಕಡೆ ಬಂದಿದ್ರಾ ಅಂತ ನೋಡೋಕೆ ಬಂದೆ. ಶಿಸ್ತು ಬೇಕಲ್ಲ," ಎಂದವರೇ ಬಿರಬಿರನೆ ನಡೆದರು.

ಹಂದಿಯ ಮೂತಿಯ ತುದಿ ಇರಲಿಲ್ಲ.

ಮಾನ್‌ಸು ಕಡುಬಿನ ಕೆನ್ನೆ ಅಂಟಿಸಿದ. ಆಮೇಲೆ ಕೆಳಗಿಳಿದು, ಏನೂ ಹೇಳದೆ ಅಜ್ಜಿಯ ಮುಂದೆ ತನ್ನ ಮೂಗು ಮುಟ್ಟಿ ತೋರಿಸಿದ. ಅಜ್ಜಿಯೂ ಏನೂ ಕೇಳದೆ ಒಂದು ಮೂಲಂಗಿ ಬಿಲ್ಲೆ ಕತ್ತರಿಸಿ, ಊಟದ ಕಡ್ಡಿಯಿಂದ ಎರಡು ತೂತು ಕೊರೆದು ಕೈಗಿತ್ತಳು.

*

ನಾಲ್ಕು ಗಂಟೆಗೆ ಯೋಮ್ ಮೇಡಂ ಬಂದರು. ಗಿಡ್ಡ ಆಳು, ಕೈಯಲ್ಲಿ ಕೊಡೆ, ಕಾಲಲ್ಲಿ ರಬ್ಬರ್ ಚಪ್ಪಲಿ. ಮಾತು ಬೂಸಾನಿನದು. ಪ್ರೀತಿಯಿಂದ ಮಾತಾಡಿಸಿದರೂ ಜಗಳಕ್ಕೆ ಬಂದವರ ಹಾಗೆ ಕೇಳಿಸುವ ಮಾತು. ಹೊಸ ಕನ್ನಡಿಗಳ ಮುಂದೆ ಒಂದು ಕುರ್ಚಿ ಎಳೆದು ಕೂತು, "ಹಾಡ್ರಿ ನೋಡೂಣು," ಎಂದರು.

ಹುಡುಗಿಯರು ಹಾಡಿದರು.

ಮಾನ್‌ಸು ಬಾಗಿಲ ಸಂದಿಯಿಂದ ಕೇಳುತ್ತಿದ್ದ. ಈ ಹಾಡನ್ನು ಅವನು ತಿಂಗಳಿಂದ ಗೋಡೆಯ ಆಚೆಯಿಂದ ಕೇಳಿದ್ದವನೇ. ಆದರೆ ಇವತ್ತಿನದೇ ಬೇರೆ. ದಾಊಲ್‌ಳ ದನಿ ಕೆಳಗಿನಿಂದ ತುಂಬಿಕೊಂಡು ಎದ್ದಿತು. ಮೇಲಿನ ಸ್ವರಕ್ಕೆ ಬೊರಿ ಹತ್ತಿದಳು, ಹತ್ತಿ ಅಲ್ಲೇ ನಿಂತಳು, ನಿಂತು ಸುತ್ತ ನೋಡಿ ನಕ್ಕಳು. ಐವರೂ ಒಟ್ಟಿಗೆ ನೆಗೆದಾಗ ಹಳೆಯ ಷೂ ಕಾರ್ಖಾನೆಯ ನೆಲ ಧಡ್ ಎಂದಿತು. ಎತ್ತರದ ಚಾವಣಿಯ ಕೆಳಗೆ ಗಾಮ್‌ನಾಮುವಿನವರು ನೆಗೆದದ್ದು ಅದೇ ಮೊದಲು. ಸಾಮಾನು ಸಾಗಿಸುವವರು ಮಂಚ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಯೋಮ್ ಮೇಡಂ ಕೊಡೆಯಿಂದ ನೆಲ ಕುಟ್ಟಿದರು. "ಹೋದ ವಾರ ಬಂದಾಗ ಈ ಹುಡುಗ್ಯಾರು ಬಾಡಿದ ಪಾಲಕ್ ಸೊಪ್ಪಿನ ಗತೆ ಇದ್ರು. ಈಗ ನೋಡಿದ್ರ ಸಮುದ್ರದಾಗಿನ ಮೀನ ಆಗ್ಯಾರ! ಏನ್ ತಿನ್ಸೀರಿ ಇವರಿಗೆ?"

ಯಜಮಾನರು ಮೇಂಗ್ ಟೀಚರ್ ಕಡೆ ನೋಡಿದರು. ಟೀಚರ್ ಹುಡುಗಿಯರ ಕಡೆ ನೋಡಿದರು. ಹುಡುಗಿಯರು ಚಾವಣಿ ನೋಡಿದರು.

"ಕೋಳಿ ಎದೆ ತುಂಡು ಮೇಡಂ. ಮತ್ತೆ ಗೆಣಸು," ಎಂದರು ಟೀಚರ್.

"ಸುಳ್ಳ. ಬರೇ ಗೆಣಸು ತಿಂದು ಹಿಂಗ ಹಾಡಾಕ ಬರೂದಿಲ್ಲ."

ಐದು ಗಂಟೆಗೆ ಪೂಜೆ. ಉದ್ದನೆಯ ಮೇಜಿನ ಮೇಲೆ ಕೆಂಪು ಬೇಳೆಯ ಕಡುಬು, ದಾರ ಸುತ್ತಿದ ಒಣಮೀನು, ಹಣ್ಣು, ಅಕ್ಕಿ ಹೆಂಡದ ಗಿಂಡಿ, ನಡುವೆ ನಗುವ ಹಂದಿ. ಮಾನ್‌ಸು ಬೇಕೆಂದೇ ಅದರ ಮುಂದಿನ ದೀಪಗಳಲ್ಲಿ ಎರಡನ್ನು ಆರಿಸಿಬಿಟ್ಟಿದ್ದ. ಮಬ್ಬಿನಲ್ಲಿ ನೋಡಿದರೆ ಹಂದಿ ಸ್ವಲ್ಪ ನೆಗಡಿಯಾದ ಹಾಗಿತ್ತು, ಅಷ್ಟೇ.

ಒಬ್ಬೊಬ್ಬರಾಗಿ ಅಡ್ಡಬಿದ್ದು, ವಾಡಿಕೆಯಂತೆ ಹಂದಿಯ ಬಾಯಿಗೆ ಕಾಣಿಕೆಯ ನೋಟು ಸಿಕ್ಕಿಸಿದರು. ಅದರಲ್ಲೂ ಒಂದು ವಿಚಿತ್ರವಿತ್ತು. ಸಾಮಾನ್ಯವಾಗಿ ಇಂಥ ಪೂಜೆಯಲ್ಲಿ ಜನ ನಗುತ್ತಾ, ಒಬ್ಬರನ್ನೊಬ್ಬರು ಛೇಡಿಸುತ್ತಾ ಬಗ್ಗುತ್ತಾರೆ. ಇವತ್ತು ಹುಡುಗಿಯರು ಹಣೆ ನೆಲಕ್ಕೆ ಒತ್ತಿ ಏಳಲೇ ಇಲ್ಲ. ಮೇಂಗ್ ಟೀಚರ್ ಹಂದಿಯ ಕಡೆ ಕಣ್ಣೆತ್ತದೆ, ಅದರ ಬಾಯಿಗೆ ಐವತ್ತು ಸಾವಿರದ ಹಳದಿ ನೋಟೊಂದನ್ನು ತುರುಕಿ ಸರಿದರು. ಯಜಮಾನರಂತೂ ಮೂರು ಸಲ ಬಗ್ಗಬೇಕಾದಲ್ಲಿ ಐದು ಸಲ ಬಗ್ಗಿ, ಕೈ ಜೋಡಿಸಿ ಏನೇನೋ ಬೇಡಿಕೊಂಡರು. ಎಂಥ ಭಕ್ತಿ ಎಂದುಕೊಂಡ ಮಾನ್‌ಸು.

ಕೊನೆಗೆ ಯೋಮ್ ಮೇಡಂ. ಗಟ್ಟಿಯಾಗಿ ಬಗ್ಗಿ ಎದ್ದು, ಸೆರಗಿನಂತೆ ಹೊದ್ದಿದ್ದ ಶಾಲಿನೊಳಗಿಂದ ಒಂದು ಲಕೋಟೆ ತೆಗೆದರು. ಹಂದಿಯ ಬಾಯಿ ಆಗಲೇ ನೋಟುಗಳಿಂದ ತುಂಬಿತ್ತು. "ಕಿವ್ಯಾಗ ಇಡೂಣು," ಎನ್ನುತ್ತಾ ಗೋಡೆಯ ಕಡೆಗಿದ್ದ ಎಡಗಿವಿಗೆ ಕೈ ಹಾಕಿದರು.

ಕಿವಿ ಕೈಗೇ ಬಂತು.

ಮುದುಕಿ ಕಿವಿಯನ್ನು ತಿರುಗಿಸಿ ನೋಡಿದರು. ಹಲ್ಲುಕಡ್ಡಿಗಳು ಕಂಡವು. ಲಕೋಟೆಯ ತುದಿಯಿಂದ ಕೆನ್ನೆ ಮುಟ್ಟಿದರು. ಕಡುಬಿನ ಕೆನ್ನೆ ಮೆಲ್ಲಗೆ ಜಾರಿ, ಹಣ್ಣಿನ ತಟ್ಟೆಗೆ ಬಿತ್ತು. ಅದರ ಅದುರಿಗೆ ಮೂಲಂಗಿಯ ಮೂತಿ ಕಳಚಿ, ಮೇಜಿನಿಂದ ಉರುಳಿ, ಯಜಮಾನರ ಕಾಲ ಬಳಿ ಬಂದು ಒಂದು ಸುತ್ತು ತಿರುಗಿ ಮಲಗಿತು.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡರಂತೆ. ಇಲ್ಲಿ ಎಲ್ಲರೂ ಒಟ್ಟಿಗೇ ಬಾಯಿ ಒರೆಸಿಕೊಂಡರು.

"ದೇವರಿಗಿಂತ ಮೊದಲ ಉಂಡವರು ಯಾರ್ರಿ?" ಎಂದರು ಯೋಮ್ ಮೇಡಂ.

"ಯಾರ್ರೀ ಅದು?" ಯಜಮಾನರು ಎಲ್ಲರಿಗಿಂತ ಜೋರಾಗಿ ಗುಡುಗಿದರು. "ಯಾರು ತಿಂದೋರು? ನನ್ನ ಕಂಪನೀಲಿ ಇಂಥ ಕೆಲಸ! ಈಗ್ಲೇ ಹೇಳಬೇಕು!"

ಬೊರಿ ದಾಊಲ್‌ಳ ಬೆನ್ನ ಹಿಂದೆ ಸರಿದಳು. ದಾಊಲ್ ಅವಳ ಕೈ ಹಿಡಿದು, ತುಟಿ ಕಚ್ಚಿ, ಒಂದು ಹೆಜ್ಜೆ ಮುಂದಿಟ್ಟಳು. ಆರು ವರ್ಷ ಕಾದವಳ ಹೆಜ್ಜೆ ಅದು. ಅದರ ಮುಂದಿನ ಹೆಜ್ಜೆ ಮೊಕ್ಪೊದ ಬಸ್ಸಿಗೇ ಎಂದು ಮಾನ್‌ಸುವಿಗೆ ಕಂಡಿತು. ಯೋಚನೆ ಮಾಡುವ ಮೊದಲೇ ಅವನ ಬಾಯಿ ಮಾತಾಡಿಬಿಟ್ಟಿತು.

"ನಾನು."

ಎಲ್ಲರೂ ತಿರುಗಿದರು.

"ನಾನೇ ತಿಂದೆ. ಬೆಳಿಗ್ಗೆಯಿಂದ ಹಸಿದಿದ್ದೆ."

"ಕಿವಿ?" ಎಂದರು ಯೋಮ್ ಮೇಡಂ.

"ನಾನೇ."

"ಗಲ್ಲಾ?"

"ಅದೂ."

"ಮೂತಿ?"

"...ಹೌದು."

ಮುದುಕಿ ಹತ್ತಿರ ಬಂದು ಅವನ ಮುಖವನ್ನೇ ನೋಡಿದರು. "ರುಚಿ ಹೆಂಗಿತ್ತು?"

ಈ ಪ್ರಶ್ನೆಗೆ ಮಾನ್‌ಸು ತಯಾರಾಗಿರಲಿಲ್ಲ. ಬೆಳಿಗ್ಗೆಯಿಂದ ಅವನ ನಾಲಿಗೆ ಮುಟ್ಟಿದ್ದು ಎಂಜಲು ಮಾತ್ರ. "ಉಪ್ಪು... ಸ್ವಲ್ಪ ಕಡಿಮೆ ಇತ್ತು," ಎಂದ.

ಯೋಮ್ ಮೇಡಂ ಕೊಡೆ ಊರಿಕೊಂಡು, ಇದ್ದಬದ್ದ ನಾಲ್ಕು ಹಲ್ಲೂ ಕಾಣುವ ಹಾಗೆ ನಕ್ಕುಬಿಟ್ಟರು.

"ನಾಮ್‌ಗುಂಗ್, ಇಲ್ಲಿ ಕೇಳ. ಐವತ್ತು ವರ್ಷ ಜನರಿಗೆ ತಿನ್ನಿಸೇ ಬದುಕೇನಿ ನಾ. ಹಸಿದವರಿರೂ ಮನ್ಯಾಗ ನಾ ರೊಕ್ಕ ಹಾಕಾಂಗಿಲ್ಲ. ಮೊದಲ ಇಲ್ಲೊಂದು ಅಡಗಿಮನಿ ಆಗಲಿ. ದಿನಾ ಮೂರು ಹೊತ್ತು ಬಿಸಿ ಅನ್ನ, ಸಾರು. ಈ ಹುಡುಗ್ಯಾರಿಗೂ, ಕೆಲಸದವರಿಗೂ, ಎಲ್ಲಾರಿಗೂ. ಅದಕ್ಕ ಒಪ್ಪಿದ್ರ ಇವತ್ತ ಸಹಿ. ವಸಂತಕ್ಕ ಇವರು ವೇದಿಕೆ ಹತ್ತಲಿ."

ಹುಡುಗಿಯರು ಕಿರುಚಿದ್ದು ಬೀದಿಯ ಆ ಕೊನೆಗೂ ಕೇಳಿಸಿತು. ದಾಊಲ್ ನೆಲದ ಮೇಲೆ ಕೂತು ಅಳತೊಡಗಿದಳು, ಬೊರಿ ಅವಳ ಮೇಲೆ ಬಿದ್ದಳು, ಉಳಿದ ಮೂವರು ಬೊರಿಯ ಮೇಲೆ ಬಿದ್ದರು. ಬಾಗಿಲಿನಿಂದ ಇಣುಕಿದ ಗ್ವಾಕ್ ಅಜ್ಜಿ, "ಅಡುಗೆಮನೆ ಆಗೋವರೆಗೂ ಸಾರು ನಾನು ಕಳಿಸ್ತೀನಿ. ಉಪ್ಪು ಎಷ್ಟು ಹಾಕ್ಬೇಕು ಅಂತ ನನಗೆ ಯಾರೂ ಹೇಳೋದು ಬೇಡ!" ಎಂದು ಕೂಗಿದಳು. ಮಾನ್‌ಸು ಕಣ್ಣೊರೆಸಿಕೊಂಡ. ಐದನೆಯ ಮಹಡಿಯ ಕುರ್ಚಿ ಕಿಟಕಿಯಿಂದ ಮರಳಿ ಒಳಗೆ ಉರುಳಿ ಬರುತ್ತಿತ್ತು.

"ಇನ್ನೊಂದು ಮಾತು," ಎಂದರು ಯೋಮ್ ಮೇಡಂ, ಕೊಡೆಯ ತುದಿಯನ್ನು ಮಾನ್‌ಸುವಿನ ಎದೆಗೆ ಚಾಚಿ. "ಈ ಮನಿಶಾ. ಒಂದ ದಿನದಾಗ ಹಂದಿ ಕಿವಿ, ಗಲ್ಲಾ, ಮೂತಿ ಎಲ್ಲಾ ಒಬ್ಬಾವನ ತಿಂದಾನ. ನನ್ನ ಗಂಡನೂ ಹಿಂಗ ತಿಂತಿದ್ದ. ನಲವತ್ತೈದಕ್ಕ ಹೋಗಿಬಿಟ್ಟ. ಇಂಥಾ ಒಳ್ಳೇ ಮನಿಶಾ ಹಂಗ ಹೋಗಬಾರದು. ಇವನಿಗೆ ಇವತ್ತಿಂದ ಕೋಳಿ ಎದಿ ತುಂಡು, ಗೆಣಸು. ಅಷ್ಟ. ಪ್ರತಿ ಸೋಮವಾರ ಇವನ ತೂಕ ಎಷ್ಟಂತ ನನಗ ಫೋನ್ ಬರಬೇಕು."

"ಖಂಡಿತ ಮೇಡಂ," ಎಂದರು ಮೇಂಗ್ ಟೀಚರ್. ಹುಡುಗಿಯರು ಕೈತಪ್ಪಿದ ದುಃಖದಲ್ಲಿದ್ದ ಅವರ ಮುಖ ಒಮ್ಮೆಲೇ ಅರಳಿತು. ಪುಸ್ತಕದಲ್ಲಿ ಹೊಸ ಪುಟ ತೆಗೆದೇಬಿಟ್ಟರು.

"ಮೇಡಂ, ಇವರನ್ನ ಸೋಮವಾರದಿಂದ ಹಾಡಿನ ತಂಡಕ್ಕೆ ಹಾಕೋಣ ಅಂತಿದ್ದೆ," ಎಂದರು ಯಜಮಾನರು. "ಮೇಲೆ, ಕೂತು ಮಾಡೋ ಕೆಲಸ."

"ಕೂತು? ಹುಚ್ಚ ಹಿಡದದ ಏನ ನಿನಗ? ಕೂತ್ರ ಸಾಯ್ತಾನಂವಾ! ಈಗ ಏನ್ ಕೆಲಸ ಇವಂದು?"

"ನಲ್ಲಿ, ಬಲ್ಬು, ಐದು ಮಹಡಿ ಹತ್ತಿಳಿಯೋದು..."

"ಭೇಷ್! ಅದನ್ನ ಮಾಡಲಿ. ಹತ್ತು ಕಿಲೋ ಇಳಿಯೂತನಾ ಇವನಿಗೆ ಕುರ್ಚಿ ಕೊಡಬ್ಯಾಡ್ರಿ."

ಸಂಜೆ ಮೂರನೆಯ ಮಹಡಿಯಲ್ಲಿ ಚಾಪೆ ಹಾಸಿ ಎಲ್ಲರೂ ಊಟಕ್ಕೆ ಕೂತರು. ಅಜ್ಜಿ ಉಳಿದ ತಲೆಯನ್ನು ತೆಳ್ಳಗೆ ಹೆಚ್ಚಿ ಹರಿವಾಣದಲ್ಲಿ ಹರಡಿದ್ದಳು. ಕೊಪ್ಪರಿಗೆಯಲ್ಲಿ ಸಾರು ಹಬೆಯಾಡುತ್ತಿತ್ತು. ಹುಡುಗಿಯರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು, ಯಾರೂ ತೂಕ ಕೇಳಲಿಲ್ಲ. ದಾಊಲ್ ಒಂದು ಕೈಯಲ್ಲಿ ಚಮಚ, ಒಂದು ಕೈಯಲ್ಲಿ ಫೋನು ಹಿಡಿದು ಅಮ್ಮನಿಗೆ ವಸಂತದ ವಿಷಯ ಮೂರನೆಯ ಬಾರಿ ಹೇಳುತ್ತಿದ್ದಳು. ಬೊರಿ ಬಾಯಿ ತುಂಬ ಅನ್ನವಿಟ್ಟುಕೊಂಡೇ ಹಾಡುತ್ತಿದ್ದಳು.

ಮಾನ್‌ಸುವಿನ ಮುಂದೆ ಮೇಂಗ್ ಟೀಚರ್ ಒಂದು ತಟ್ಟೆ ತಂದಿಟ್ಟರು. ಅದರಲ್ಲಿ ಬಿಳಿಚಿದ ಕೋಳಿಯ ತುಂಡೊಂದು, ಮುಷ್ಟಿ ಗಾತ್ರದ ಗೆಣಸೊಂದು.

"ನಿಧಾನಕ್ಕೆ ಅಗಿದು ತಿನ್ನಿ ತಾಕ್ ಅವರೇ. ನೀರು ಊಟ ಆದ್ಮೇಲೆ."

ಯಜಮಾನರು ಹೆಂಡದ ಬಟ್ಟಲು ಹಿಡಿದುಕೊಂಡು ಬಂದು ಅವನ ಪಕ್ಕ ಕೂತರು. ಆಚೀಚೆ ನೋಡಿದರು. ಅವನ ಭುಜದ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಗ್ಗಿದರು. ಅವರ ಕಣ್ಣು ತೇವವಾಗಿತ್ತು.

"ತಾಕ್, ನಿಮ್ಮ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ ಕಣ್ರೀ," ಎಂದರು ಮೆಲ್ಲಗೆ. "ಆದ್ರೆ ಒಂದು ಮಾತು ತಪ್ಪು ಹೇಳಿದ್ರಿ. ಕಿವೀಗೆ ಉಪ್ಪು ಸರಿಯಾಗೇ ಇತ್ತು."

ಮಾನ್‌ಸು ಅವರನ್ನು ನೋಡಿದ. ಆಮೇಲೆ ಗೆಣಸಿನ ಸಿಪ್ಪೆ ಸುಲಿಯತೊಡಗಿದ.